ಮೇಷ್ಟ್ರ ಗಿರಾಕಿಗಳು

ಅರಸೀಕೆರೆಯ ಮಂಡಿ ರಸ್ತೆಯಲ್ಲಿ ಒಂದು ಕೊಬ್ಬರಿ ಗೋದಾಮಿನ ಮೇಲಿನ ಕೋಣೆಯೇ ನಮ್ಮ ಅಂಗಡಿ. ಅದರಲ್ಲಿ ನಾನು ಮತ್ತು ನನ್ನ ಗೆಳತಿ, ಇಬ್ಬರೇ. ಡಿಪ್ಲೊಮಾ ಓದುವಾಗ ಒಂದೇ ಬೆಂಚಿನಲ್ಲಿ ಕೂತವರು. ಕಂಪ್ಯೂಟರ್ ಬಿಚ್ಚಿ, ಬೆಸುಗೆ ಹಾಕಿ, ಸತ್ತ ಬೋರ್ಡಿಗೆ ಜೀವ ತರುವುದು ಅವಳ ಕೆಲಸ. ನೆಟ್‌ವರ್ಕು, ಪ್ರಿಂಟರು, ಬಿಲ್ಲಿಂಗ್ ಸಾಫ್ಟ್‌ವೇರು ಎಂದು ಗಿರಾಕಿಗಳ ಬಳಿಗೆ ಓಡಾಡುವುದು ನನ್ನದು. ನಮ್ಮ ಗಿರಾಕಿಗಳಲ್ಲಿ ದೊಡ್ಡದೆಂದರೆ ಒಂದು ಖಾಸಗಿ ವಿದ್ಯಾಸಂಸ್ಥೆ. ಅವರ ಶಾಲೆಗಳ ಲ್ಯಾಬು, ಆಫೀಸು, ಫೀಸು ಕೌಂಟರು ಎಲ್ಲವನ್ನೂ ನಾವೇ ನೋಡಿಕೊಳ್ಳುತ್ತಿದ್ದೆವು. ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಆ ಸಂಸ್ಥೆಯವರು ಬೆಂಗಳೂರಿನ ಒಂದು ಕಂಪನಿಗೆ ಎಲ್ಲವನ್ನೂ ಒಪ್ಪಿಸಿಬಿಟ್ಟರು. ಇನ್ನು ಮುಂದೆ ಇಂಟರ್ನೆಟ್ ಮೂಲಕ ಅಲ್ಲಿಂದಲೇ ನೋಡಿಕೊಳ್ಳುತ್ತಾರಂತೆ. ನಮ್ಮ ಕೆಲಸದ ಬಗ್ಗೆ ದೂರೇನೂ ಇರಲಿಲ್ಲ. ಕರೆದು ಕೂರಿಸಿ, ಕಾಫಿ ಕೊಟ್ಟು, ವಿಷಯ ಹೇಳಿ ಕಳುಹಿಸಿದರು.

"ಅಡ್ಮಿನ್ ಪಾಸ್‌ವರ್ಡ್ ನಮ್ ಹತ್ರಾನೇ ಇಟ್ಕೊಂಡಿದ್ರೆ ಇಷ್ಟು ಸಲೀಸಾಗಿ ಹೋಗ್ತಿರ್ಲಿಲ್ಲ ಅವ್ರು" ಎಂದಳು ಗೆಳತಿ. ನಮ್ಮ ಕಸುಬಿನಲ್ಲಿ ಅದು ಹೊಸ ಮಾತಲ್ಲ. ಬೀಗದ ಕೈ ತಮ್ಮಲ್ಲಿಟ್ಟುಕೊಂಡು ಗಿರಾಕಿಯನ್ನು ಕಟ್ಟಿಹಾಕುವವರು ಎಲ್ಲ ಊರಿನಲ್ಲೂ ಇದ್ದಾರೆ.

ಅದರ ಹಿಂದೆಯೇ ಅವಳಿಗೆ ಹಾಸನದ ಒಂದು ಕಾಲೇಜಿನಿಂದ ಲ್ಯಾಬ್ ಸಹಾಯಕಿಯ ಕೆಲಸಕ್ಕೆ ಕರೆ ಬಂತು. ಗೌರಿ ಹಬ್ಬದ ಹೊತ್ತಿಗೆ ಹೇಳುತ್ತೇನೆಂದು ಅವಳು ಗಡುವು ಕೇಳಿಕೊಂಡಳು.

"ನೀನು ಹೋಗು ಅಂದ್ರೆ ಹೋಗ್ತೀನಿ ಕಣೇ. ಇರು ಅನ್ನೋದಾದ್ರೆ ನಂಗೆ ಮಾಡೋಕೆ ಕೆಲಸ ತಂದು ಹಾಕು."

ಅದರಲ್ಲಿ ಸಿಟ್ಟಿರಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು. ಅವಳಿಲ್ಲದೆ ಆ ಅಂಗಡಿಯನ್ನು ನಡೆಸುವ ಶಕ್ತಿ ನನಗಿಲ್ಲ ಎಂಬುದು ಇಬ್ಬರಿಗೂ ತಿಳಿದಿತ್ತು.

ಹೊಸ ಗಿರಾಕಿಗಳನ್ನು ಹುಡುಕುವುದು ಹೇಗೆಂದು ನಮಗೆ ಯಾರೂ ಕಲಿಸಿರಲಿಲ್ಲ. ಮೊದಲು ಪಾಂಪ್ಲೆಟ್ ಮಾಡಿಸಿ ಪೇಪರಿನೊಳಗೆ ಇಟ್ಟು ಮನೆಮನೆಗೆ ಹಾಕಿಸಿದೆವು. ಬಂದ ಫೋನುಗಳಲ್ಲಿ ಒಂದು, ಮಗಳ ಹಾಲ್‌ಟಿಕೆಟ್ ಪ್ರಿಂಟ್ ಹಾಕಿಕೊಡ್ತೀರಾ ಎಂದು. ಇನ್ನೊಂದು, ಹೆಂಡತಿಯ ಮೊಬೈಲಿನ ಲಾಕ್ ತೆಗೆದುಕೊಡ್ತೀರಾ ಎಂದು. ಆಮೇಲೆ ಮಂಡಿಯ ಅಂಗಡಿಗಳನ್ನು ಹತ್ತಿ ಇಳಿದೆ. ಅಲ್ಲಿ ಪ್ರತಿಯೊಬ್ಬ ವ್ಯಾಪಾರಿಗೂ ಕಂಪ್ಯೂಟರ್ ಗೊತ್ತಿರುವ ಒಬ್ಬ ಭಾವಮೈದನೋ ಅಣ್ಣನ ಮಗನೋ ಇದ್ದೇ ಇದ್ದ. ಕಂಪ್ಯೂಟರ್ ಕೆಟ್ಟಿತ್ತು, ಭಾವಮೈದ ಬರುವವರೆಗೆ ಬಿಲ್ಲನ್ನು ಕೈಯಲ್ಲಿ ಬರೆಯುತ್ತಿದ್ದರು, ಆದರೂ ನನಗೆ ಬಾಗಿಲು ತೆರೆಯಲಿಲ್ಲ.

ಹಾಗಾಗಿ ಬೇಲೂರು, ಹಳೇಬೀಡಿನ ಕಡೆಗೆ ಮುಖ ಮಾಡಿದೆ. ಅಲ್ಲಿ ಲಾಡ್ಜುಗಳಿವೆ, ಕ್ಲಿನಿಕ್ಕುಗಳಿವೆ, ಪ್ರವಾಸಿಗರಿಗೆ ವಿಗ್ರಹ ಮಾರುವ ದೊಡ್ಡ ಅಂಗಡಿಗಳಿವೆ, ಊರಿಗೊಂದು ಹಾಲಿನ ಡೇರಿ ಇದೆ. ಸ್ಕೂಟರಿನಲ್ಲಿ ಜಾವಗಲ್ ದಾಟಿ ಹಳೇಬೀಡು ಸೇರಿದ ಮೊದಲ ದಿನವೇ ಒಂದು ಲಾಡ್ಜಿನ ಮಾಲೀಕರು ನನ್ನ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿ, ನಗುತ್ತಲೇ ವಾಪಸ್ ಕೊಟ್ಟರು.

"ನಮ್ಗೆ ಮೇಷ್ಟ್ರು ಇದಾರಲ್ಲಮ್ಮ."

ವಿಗ್ರಹದ ಅಂಗಡಿಯಲ್ಲೂ ಇದೇ ಮಾತು, ಬೇಲೂರಿನ ರಕ್ತ ಪರೀಕ್ಷೆಯ ಲ್ಯಾಬಿನಲ್ಲೂ ಇದೇ. ಯಾರು ಈ ಮೇಷ್ಟ್ರು ಎಂದು ವಿಚಾರಿಸಿದೆ. ಹೈಸ್ಕೂಲೊಂದರಲ್ಲಿ ಕಂಪ್ಯೂಟರ್ ಹೇಳಿಕೊಡುತ್ತಿದ್ದವರಂತೆ, ಆ ಕೆಲಸ ಬಿಟ್ಟು ಈ ಕೆಲಸ ಹಿಡಿದವರಂತೆ, ಮನೆ ಹಳೇಬೀಡಿನ ಕೆರೆಯ ಕಡೆಯಂತೆ. ಅಂಗಡಿ ಇಲ್ಲ, ಬೋರ್ಡಿಲ್ಲ. ಮೊದಮೊದಲು ಆ ಹೆಸರು ಕೇಳಿದರೆ ನನಗೆ ಕಿರಿಕಿರಿಯಾಗುತ್ತಿತ್ತು.

ಅದು ಬದಲಾದದ್ದು ಬೇಲೂರಿನ ಆ ಲ್ಯಾಬಿನಲ್ಲೇ. ಲ್ಯಾಬು ನಡೆಸುವ ಮೇಡಂ ನನ್ನನ್ನು ಬೇಡವೆಂದರೂ, ಬಿಸಿಲಲ್ಲಿ ಬಂದಿದ್ದೀರಿ, ಮಜ್ಜಿಗೆ ಕುಡಿದು ಹೋಗಿ ಎಂದು ಕೂರಿಸಿದರು. ಕೂತಲ್ಲಿಂದ ಅವರ ಕಂಪ್ಯೂಟರಿನ ಹಿಂಭಾಗ ಕಾಣುತ್ತಿತ್ತು. ಸಾಮಾನ್ಯವಾಗಿ ಅದು ನೋಡುವಂಥ ದೃಶ್ಯವಲ್ಲ. ಹೆಣೆದುಕೊಂಡ ಹಾವುಗಳಂತೆ ತಂತಿ, ಅದರ ಮೇಲೆ ಧೂಳು. ಇಲ್ಲಿ ಒಂದೊಂದು ತಂತಿಯೂ ಬೇರೆಬೇರೆಯಾಗಿ ಕಟ್ಟಿಕೊಂಡು, ಎರಡೂ ತುದಿಗೆ ಬಿಳಿ ಚೀಟಿ ಅಂಟಿಸಿಕೊಂಡು ಇಳಿದಿತ್ತು. ಚೀಟಿಯ ಮೇಲೆ ದುಂಡಗಿನ ಕನ್ನಡ ಅಕ್ಷರ. 'ಪ್ರಿಂಟರಿಗೆ.' 'ಇಂಟರ್ನೆಟ್ಟಿಗೆ.' 'ಇದನ್ನು ತೆಗೆದು ಮೊಬೈಲ್ ಚಾರ್ಜ್‌ಗೆ ಹಾಕಬೇಡಿ.' ಯುಪಿಎಸ್ ಮೇಲೆ, 'ಕೂಗಿದರೆ ಹೆದರಬೇಡಿ, ಫೈಲು ಉಳಿಸಿ, ಕಂಪ್ಯೂಟರ್ ಆರಿಸಿ, ಆಮೇಲೆ ಫೋನ್ ಮಾಡಿ.'

ನಾನು ಮಜ್ಜಿಗೆ ಕುಡಿಯುವುದನ್ನು ಮರೆತು ಓದುತ್ತಾ ಕೂತೆ. ಕೆಲಸಗಾರನೊಬ್ಬ ತಾನಿಲ್ಲದ ಹೊತ್ತಿಗೂ ಗಿರಾಕಿಯ ಪಕ್ಕ ನಿಂತಿರುವುದು ಹೇಗೆಂದು ನನಗೆ ಅಲ್ಲಿ ಕಂಡಿತು. ಸಂಜೆ ಗೆಳತಿಗೆ ಹೇಳಿದಾಗ ಅವಳು, "ಗಿರಾಕಿ ಹುಡ್ಕು ಅಂತ ಕಳ್ಸಿದ್ರೆ ಚೀಟಿ ಓದ್ಕೊಂಡು ಬಂದಿದೀಯ" ಎಂದಳು. ಆದರೂ ಮರುದಿನ ಅವಳೇ ಬಿಳಿ ಟೇಪಿನ ಸುರುಳಿ ತಂದು ಮೇಜಿನ ಮೇಲಿಟ್ಟಿದ್ದಳು.

ಹಗರೆ ಎಂಬ ಊರಿನಲ್ಲಿ ಹೆಂಗಸರೇ ನಡೆಸುವ ಹಾಲಿನ ಡೇರಿಯಿಂದ ಫೋನ್ ಬಂದದ್ದು ಆ ಬಳಿಕ. ಅಲ್ಲಿನ ಸೆಕ್ರೆಟರಿ ನಡುವಯಸ್ಸಿನ ರೈತ ಹೆಂಗಸು. ನಾನು ಹಿಂದೊಮ್ಮೆ ಹೋದಾಗ ಆಕೆಯೂ ಮೇಷ್ಟ್ರ ಹೆಸರು ಹೇಳಿ ಕಳುಹಿಸಿದ್ದರು, ಆದರೆ ಕಾರ್ಡನ್ನು ಗೋಡೆಯ ಕ್ಯಾಲೆಂಡರಿಗೆ ಸಿಕ್ಕಿಸಿಕೊಂಡಿದ್ದರು.

"ನಿನ್ನೆ ಸಂಜೆ ಸಿಡ್ಲು ಹೊಡೀತು ಕಣಮ್ಮ. ಕಂಪ್ಯೂಟ್ರು ಉಸಿರೇ ಬಿಡ್ತಿಲ್ಲ. ಮೇಷ್ಟ್ರ ಫೋನು ಆಫ್ ಐತೆ. ಬೆಳಗ್ಗೆ ಹಾಲು ಕೈಯಾಗೇ ಬರ್ಕಂಡ್ವಿ, ಅದುಕ್ಕೇ ಜಗಳ. ಸಾಯಂಕಾಲದ ಹೊತ್ತಿಗೆ ಆಗ್ತದಾ?"

"ಬರ್ತೀನಿ" ಎಂದೆ. ಗೆಳತಿ ಒಂದು ಹೊಸ ಪವರ್ ಸಪ್ಲೈ ಡಬ್ಬಿಯನ್ನೂ ಬಿಡಿ ಸಾಮಾನನ್ನೂ ಚೀಲಕ್ಕೆ ತುಂಬಿದಳು.

ಡೇರಿಯ ಕಂಪ್ಯೂಟರನ್ನು ಬಿಚ್ಚಿದರೆ ಸುಟ್ಟ ವಾಸನೆ ಮುಖಕ್ಕೇ ಬಂತು. ಪವರ್ ಸಪ್ಲೈ ಹೋಗಿತ್ತು, ಹಾರ್ಡ್ ಡಿಸ್ಕ್ ಉಳಿದಿತ್ತು. ಡಬ್ಬಿ ಬದಲಿಸಿದೆ, ಕಂಪ್ಯೂಟರ್ ಎದ್ದಿತು. ಸೆಕ್ರೆಟರಿ ಅದಕ್ಕೆ ಕೈ ಮುಗಿದರು. ಆದರೆ ಕೆಲಸ ಮುಗಿದಿರಲಿಲ್ಲ. ಡೇರಿಯಲ್ಲಿ ಹಾಲಿನ ತೂಕ ನೋಡುವ ಯಂತ್ರ, ಜಿಡ್ಡು ಅಳೆಯುವ ಯಂತ್ರ ಎರಡೂ ತಂತಿಯ ಮೂಲಕ ಕಂಪ್ಯೂಟರಿಗೆ ಲೆಕ್ಕ ಕಳಿಸಬೇಕು. ಜಿಡ್ಡಿನ ಲೆಕ್ಕ ಬರುತ್ತಲೇ ಇರಲಿಲ್ಲ. ಆ ತಂತಿ ಸಿಕ್ಕಿಸಿದ್ದ ಯುಎಸ್‌ಬಿ ಪೋರ್ಟು ಸಿಡಿಲಿಗೆ ಸತ್ತಿತ್ತು. ಬೇರೆ ಪೋರ್ಟಿಗೆ ಸಿಕ್ಕಿಸಬಹುದು, ಆದರೆ ಪೋರ್ಟು ಬದಲಾದರೆ ಅದರ ನಂಬರೂ ಬದಲಾಗುತ್ತದೆ. ಸಾಫ್ಟ್‌ವೇರು ಹಳೆಯ ನಂಬರಿನ ಬಾಗಿಲಲ್ಲೇ ಕಾಯುತ್ತಿರುತ್ತದೆ. ಹೊಸ ನಂಬರು ಹೇಳೋಣವೆಂದರೆ ಸೆಟ್ಟಿಂಗಿಗೆ ಪಾಸ್‌ವರ್ಡ್ ಕೇಳಿತು.

ಸೆಕ್ರೆಟರಿ ಕೊಟ್ಟ ನಂಬರಿನಲ್ಲಿ ಮೇಷ್ಟ್ರಿಗೆ ಮತ್ತೆ ಮತ್ತೆ ಫೋನ್ ಮಾಡಿದೆ, ಆಫ್. ಹೊರಗೆ ಆಗಲೇ ಮೊದಲ ಕ್ಯಾನುಗಳು ಬಂದು ಸಾಲು ನಿಲ್ಲುತ್ತಿದ್ದವು. ಏನೂ ತೋಚದೆ ಪಕ್ಕಕ್ಕಿಟ್ಟಿದ್ದ ಕ್ಯಾಬಿನೆಟ್ಟಿನ ಮುಚ್ಚಳವನ್ನು ಎತ್ತಿಕೊಂಡೆ. ಒಳಮೈಗೆ ಅದೇ ದುಂಡಗಿನ ಅಕ್ಷರದ ಚೀಟಿ ಅಂಟಿತ್ತು. ಯಾವ ತಂತಿಗೆ ಯಾವ ನಂಬರು, ಜಿಡ್ಡಿನ ಯಂತ್ರದ ವೇಗ ಎಷ್ಟು, ಎಲ್ಲವೂ. ಕೊನೆಯಲ್ಲಿ, 'ಪಾಸ್‌ವರ್ಡ್ ಸೆಕ್ರೆಟರಿಯವರ ಹತ್ತಿರ ಇದೆ. ಅವರದೇ ಸ್ವತ್ತು. ಕೇಳಿ ಪಡೆಯಿರಿ.'

"ಅಕ್ಕ, ಪಾಸ್‌ವರ್ಡ್ ನಿಮ್ಮ ಹತ್ರ ಇದ್ಯಾ?"

"ನನ್ ಹತ್ರನಾ?" ಆಕೆ ಯೋಚಿಸಿದರು. "ಓ ಅದಾ. ಯಾರಿಗೂ ಹೇಳ್ಬ್ಯಾಡಿ, ನಂಗೂ ಹೇಳ್ಬ್ಯಾಡಿ ಅಂದು, ನನ್ ಕೈಲೇ ಹೊಡ್ಸಿದ್ರು ಮೇಷ್ಟ್ರು. ತಿರುಗ್ಕೊಳಮ್ಮ ಆ ಕಡೆ."

ನಾನು ತಿರುಗಿ ನಿಂತೆ. ಆಕೆ ಒಂದೇ ಬೆರಳಲ್ಲಿ ಒಂದೊಂದಾಗಿ ಕೀಲಿ ಒತ್ತಿದರು. ಸೆಟ್ಟಿಂಗು ತೆರೆಯಿತು. ಹೊಸ ನಂಬರು ಕೊಟ್ಟೆ, ಮೊದಲ ಕ್ಯಾನಿನ ಹಾಲು ಸುರಿದರು, ಹಾಲಿನ ಲೆಕ್ಕದ ಚೀಟಿ ಮುದ್ರಣವಾಗಿ ಹೊರಬಂತು. ಸಾಲಿನಲ್ಲಿ ಮುಂದೆ ನಿಂತಿದ್ದ ಅಜ್ಜಿ ಅದನ್ನು ತೆಗೆದುಕೊಂಡು ಸೆರಗಿಗೆ ಗಂಟು ಹಾಕಿಕೊಂಡರು.

ಹಾಲು ಅಳೆದು ಮುಗಿದ ಮೇಲೆ ಸೆಕ್ರೆಟರಿ ಬಂದು ನನ್ನ ಪಕ್ಕ ಕೂತರು. "ಇನ್ನು ಮ್ಯಾಲೆ ನೀನೇ ನೋಡ್ಕೊಳಮ್ಮ. ಹೆಣ್ಣುಮಗ್ಳು, ಕರೆದ ಕೂಡ್ಲೇ ಬಂದೆ. ಸುತ್ತಲ ಡೇರಿಯೋರ್ಗೂ ಹೇಳ್ತೀನಿ, ಅವರ್ದೆಲ್ಲಾ ಮೇಷ್ಟ್ರೇ ನೋಡ್ತಿದ್ದದ್ದು. ಫೋನೇ ಎತ್ತದವ್ರನ್ನ ಎಷ್ಟು ದಿನ ನೆಚ್ಕಂಡಿರಾದು?"

ಊರೂರು ಸುತ್ತಿ ಹುಡುಕಿದ್ದು ಆ ಸಂಜೆ ತಾನಾಗಿ ಬಂದು ಪಕ್ಕದಲ್ಲಿ ಕೂತಿತ್ತು. ಡೇರಿಗಳೆಲ್ಲ ಸಿಕ್ಕರೆ ಗೆಳತಿ ಹಾಸನಕ್ಕೆ ಹೋಗಬೇಕಾಗಿಲ್ಲ. ಹೂಂ ಎನ್ನುವುದಷ್ಟೇ ಬಾಕಿ. ಆದರೆ ನಾನು ಆ ಹೊತ್ತಿನ ಕೆಲಸವನ್ನು ಮುಗಿಸಿದ್ದು ಮೇಷ್ಟ್ರು ಬರೆದಿಟ್ಟಿದ್ದನ್ನು ಓದಿ. ಅವರ ಕೈದೀಪ ಹಿಡಿದು ಅವರ ಮನೆಯನ್ನೇ ಹೊಕ್ಕಂತಾಗುತ್ತದೆ ಅನ್ನಿಸಿತು.

"ಮೇಷ್ಟ್ರನ್ನ ಒಂದ್ಸಲ ನೋಡ್ಕೊಂಡು ಬಂದು ಹೇಳ್ತೀನಿ ಅಕ್ಕ" ಎಂದೆ.

"ಆಯ್ತು, ನೋಡ್ಕಂಬಾ" ಎಂದರು ಆಕೆ.

ಗೆಳತಿಗೆ ಫೋನಿನಲ್ಲಿ ಹೇಳಿದೆ. "ಅವ್ರು ಬೇಡ ಅಂದ್ರೆ?" ಎಂದಳು.

"ಬೇಡ ಅಂದ್ರೆ ಬೇಡ."

"ಹಬ್ಬದ ಗಡುವು ನೆನಪಿರ್ಲಿ ಕಣೇ" ಎಂದಷ್ಟೇ ಹೇಳಿ ಫೋನ್ ಇಟ್ಟಳು. ಬೈದಿದ್ದರೆ ಹಗುರವಾಗುತ್ತಿತ್ತು.

ಮಾರನೆಯ ದಿನ ಬೆಳಗ್ಗೆ ಸುಟ್ಟ ಡಬ್ಬಿಯನ್ನು ಚೀಲದಲ್ಲಿಟ್ಟುಕೊಂಡು ಹಳೇಬೀಡಿಗೆ ಹೋದೆ. ಮೇಷ್ಟ್ರು ಜಗುಲಿಯ ಮೇಲೆ ಕೂತಿದ್ದರು. ಬಲಗೈಗೆ ಮೊಣಕೈವರೆಗೆ ಕಟ್ಟು. ಹುಲಿಕೆರೆಯ ರಸ್ತೆಯಲ್ಲಿ ಸ್ಕೂಟರ್ ಜಾರಿ ಬಿದ್ದಿದ್ದರು. ಮಣಿಕಟ್ಟು ಮುರಿದು ಹಾಸನದಲ್ಲಿ ಆಪರೇಷನ್ ಮಾಡಿ ಪ್ಲೇಟು ಹಾಕಿದ್ದರು. ಫೋನೂ ಅವರ ಜೊತೆಗೇ ಬಿದ್ದು ಚೂರಾಗಿತ್ತು. ಆಸ್ಪತ್ರೆಯಿಂದ ಮನೆಗೆ ಬಂದದ್ದೇ ಹಿಂದಿನ ದಿನ.

ನಾನು ಯಾರು, ಏನು ಮಾಡಿದೆ ಎಂಬುದನ್ನೆಲ್ಲ ಹೇಳಿದೆ. ಡೇರಿಯವರು ನನ್ನನ್ನೇ ನೋಡಿಕೋ ಎಂದದ್ದನ್ನೂ ಹೇಳಿದೆ. ಅವರು ಎಡಗೈಯಲ್ಲಿ ಡಬ್ಬಿಯನ್ನು ತಿರುಗಿಸಿ ನೋಡಿ, ಮೂಗಿನ ಹತ್ತಿರ ಹಿಡಿದರು.

"ಹಾಲು ತಗೊಂಡ್ರಾ ಸಂಜೆ?"

"ತಗೊಂಡ್ರು."

"ಚೀಟಿ ಬಂತಾ?"

"ಬಂತು ಮೇಷ್ಟ್ರೇ."

ಅವರ ಮುಖದಲ್ಲಿ ಆಗ ಬಂದ ನೆಮ್ಮದಿಯನ್ನು ನಾನು ಅಳೆದು ಹೇಳಲಾರೆ. ಗಿರಾಕಿ ಕೈತಪ್ಪಿ ಹೋದೀತೆಂಬುದು ಅವರ ತಲೆಗೆ ಬಂದಂತೆಯೇ ಕಾಣಲಿಲ್ಲ. ತಕ್ಷಣ ಮುಂದಿನ ಪ್ರಶ್ನೆ ಬಂತು.

"ಅರ್ಥಿಂಗ್ ನೋಡಿದ್ರಾ?"

ನೋಡಿರಲಿಲ್ಲ. ಹಾಲಿನ ಗಡಿಬಿಡಿಯಲ್ಲಿ ಅದಕ್ಕೆ ಹೊತ್ತಿರಲಿಲ್ಲ. ಹಾಗೆಂದೇ ಹೇಳಿದೆ.

"ಹಂಗಾದ್ರೆ ಇನ್ನೊಂದು ಸಿಡ್ಲಿಗೆ ನಿಮ್ಮ ಹೊಸ ಡಬ್ಬೀನೂ ಹೋಗುತ್ತೆ. ನಡೀರಿ." ಅವರು ಎದ್ದು ಚಪ್ಪಲಿ ಹುಡುಕತೊಡಗಿದರು. ಒಳಗಿನಿಂದ ಅವರ ಹೆಂಡತಿ ಬಂದರು. "ಎಲ್ಲಿಗ್ರೀ? ಡಾಕ್ಟ್ರು ಏನಂದ್ರು ಮರ್ತೋಯ್ತಾ?"

"ಕೈಗೆ ರೆಸ್ಟ್ ಕೊಡಿ ಅಂದ್ರು. ಕೈ ಅಲ್ಲಾಡ್ಸಲ್ಲ ಕಣೇ, ಬರೀ ಕೂತ್ಕೊಂಡು ಹೋಗ್ತೀನಿ."

ಆಕೆ ನನ್ನ ಕಡೆ ತಿರುಗಿ, "ನಿಧಾನಕ್ಕೆ ಓಡ್ಸಮ್ಮ, ಹಳ್ಳ ಬಂದ ಕಡೆ ಇಳಿಸ್ಬಿಡು" ಎಂದರು. ಹಾಗೆಯೇ ಹೋದೆವು. ಕಟ್ಟು ಹಾಕಿದ ಕೈಯನ್ನು ಎದೆಗೊತ್ತಿಕೊಂಡು ಅವರು ಹಿಂದೆ ಕೂತಿದ್ದರು. ದಾರಿಯುದ್ದಕ್ಕೂ ಮಾತಾಡಿದ್ದು ಬರೀ ಡೇರಿಯ ವಿಷಯ.

ಡೇರಿಯ ಹಿಂದೆ, ಸೂರಿನಡಿ, ಹೆಚ್ಚಿನ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ಗುಂಡಿ ಒಣಗಿ ಬಿರುಕು ಬಿಟ್ಟಿತ್ತು. ತಂತಿ ಕೊಳವೆಗೆ ಸೇರುವ ಕಡೆ ತುಕ್ಕು. ಅವರು ಹೇಳುತ್ತಾ ಹೋದರು, ನಾನು ಮಾಡುತ್ತಾ ಹೋದೆ: ತುಕ್ಕು ಕೆರೆದು ಬೋಲ್ಟು ಬಿಗಿ ಮಾಡಿದೆ, ಗುಂಡಿ ಕೆದಕಿ ಉಪ್ಪು, ಇದ್ದಿಲು ತುಂಬಿದೆ. ಸೆಕ್ರೆಟರಿಯೂ ಇನ್ನಿಬ್ಬರು ಹೆಂಗಸರೂ ಕೊಡದಲ್ಲಿ ನೀರು ತಂದು ಸುರಿದರು. ಗುಂಡಿ ಗುಟುಗುಟು ಕುಡಿಯಿತು. ನೀರು ಹೊಯ್ಯುತ್ತಲೇ ಸೆಕ್ರೆಟರಿ ಹಿಂದಿನ ಸಂಜೆ ನಡೆದದ್ದನ್ನೆಲ್ಲ ಮೇಷ್ಟ್ರಿಗೆ ಹೇಳಿದರು. ವಾರಕ್ಕೊಮ್ಮೆ ನೀರು ಹಾಕಬೇಕೆಂದು ಮೇಷ್ಟ್ರು ಆಕೆಗೆ ಹೇಳಿದರು. ಹಿಂದೆಯೂ ಹೇಳಿದ್ದರಂತೆ, ಹೇಳಿದ್ದೆ ಎಂದು ಮಾತ್ರ ಅನ್ನಲಿಲ್ಲ.

ಕೈ ತೊಳೆದುಕೊಂಡು ಬರುವಾಗ ಸೆಕ್ರೆಟರಿ ನೇರವಾಗಿ ಕೇಳಿದರು. "ಮೇಷ್ಟ್ರೇ, ಈ ಅಮ್ಮಂಗೆ ಒಪ್ಪಿಸ್ಲಾ ನಮ್ದು?"

"ಒಪ್ಸಿ. ನಿನ್ನೆ ನಿಮ್ಮ ಪಾಸ್‌ವರ್ಡ್ ಹೊಡೆಯುವಾಗ ಅವರು ಆ ಕಡೆ ತಿರುಗಿ ನಿಂತ್ರು ಅಂದ್ರಲ್ಲ, ಅಷ್ಟು ಸಾಕು."

"ನಿಮ್ ಕೈ ಸರಿಯಾದ್ ಮ್ಯಾಲೆ?"

"ಆಗ ನಿಮ್ಗೆ ಯಾರ್ನ ಕರೀಬೇಕು ಅನ್ಸುತ್ತೋ ಅವ್ರನ್ನ ಕರೀರಿ. ನಾವಿಬ್ರೂ ಜಗಳ ಆಡಲ್ಲ. ಏನಮ್ಮ?"

"ಇಲ್ಲ ಮೇಷ್ಟ್ರೇ" ಎಂದೆ.

ವಾಪಸ್ ಬರುವಾಗ ಅವರು ಇನ್ನೊಂದು ವಿಷಯ ಹೇಳಿದರು. ಫೋನ್ ಬಂದ ದಿನವೇ ಹೋಗಿ ಮುಟ್ಟಲು ಆಗುವಷ್ಟು ಗಿರಾಕಿಗಳನ್ನು ಮಾತ್ರ ಅವರು ಇಟ್ಟುಕೊಂಡಿದ್ದರು. ಅದಕ್ಕಿಂತ ಹೆಚ್ಚು ಬಂದವರಿಗೆ ಆಗುವುದಿಲ್ಲ ಎಂದು ಕಳುಹಿಸಿದ್ದರು. ಹಾಗೆ ಕಳುಹಿಸಿದವರೇ ಬಹಳ ಮಂದಿ. ಅವರಿಗೆ ಈಗಲೂ ಯಾರೂ ಗಟ್ಟಿಯಾಗಿ ಸಿಕ್ಕಿಲ್ಲ.

"ನನ್ನ ಗಿರಾಕಿಗಳ ಬಾಗ್ಲು ತಟ್ಟಿದ್ರಿ. ನಾನು ಬೇಡ ಅಂದವರ ಬಾಗ್ಲು ಯಾರೂ ತಟ್ಟಲ್ಲ ನೋಡಿ" ಎಂದು ನಕ್ಕರು.

ಆ ಮಳೆಗಾಲವೆಲ್ಲ ನಾವು ಹಾಗೆಯೇ ತಿರುಗಿದೆವು. ನಾನು ಸ್ಕೂಟರ್ ಓಡಿಸುತ್ತಿದ್ದೆ, ಅವರು ಹಿಂದೆ ಕೂತು ದಾರಿ ಹೇಳುತ್ತಿದ್ದರು. ಕಲ್ಯಾಣಮಂಟಪ, ಸಹಕಾರ ಸಂಘ, ರೈಸ್ ಮಿಲ್ಲು, ಹೊಸದಾಗಿ ತೆರೆದ ನರ್ಸಿಂಗ್ ಹೋಮು. ಅವರು ನನ್ನನ್ನು ಹೊಗಳುತ್ತಿರಲಿಲ್ಲ. "ಆವತ್ತು ನಿಮ್ಗೆ ಆಗಲ್ಲ ಅಂದಿದ್ದೆ. ಈಗ ಇವರಿಗೆ ಆಗುತ್ತೆ" ಎನ್ನುತ್ತಿದ್ದರು, ಅಷ್ಟೇ. ಮೊದಲ ಭೇಟಿಯಲ್ಲಿ ಒಪ್ಪಂದದ ಮಾತೆತ್ತಲು ಬಿಡುತ್ತಿರಲಿಲ್ಲ. ಮೊದಲು ಪ್ಲಗ್ ಪಾಯಿಂಟು ನೋಡು, ಬ್ಯಾಕಪ್ ತೆಗೆದಿದ್ದಾರಾ ಕೇಳು, ತೆಗೆದ ಬ್ಯಾಕಪ್ ತೆರೆಯುತ್ತದಾ ತೆರೆದು ನೋಡು. ಇಷ್ಟರ ಹೊತ್ತಿಗೆ ಅವರ ಮಾತಿನಲ್ಲಿ ನಾನು 'ನೀವು' ಹೋಗಿ 'ನೀನು' ಆಗಿದ್ದೆ. ಅಷ್ಟು ನೋಡಿದ ಮೇಲೆ ತಾವಾಗಿಯೇ ಒಪ್ಪಂದದ ಮಾತೆತ್ತಿ ನಮ್ಮನ್ನು ಬರಹೇಳಿದ ಗಿರಾಕಿಗಳೂ ಇದ್ದರು, ಟೀ ಕೊಟ್ಟು ಮತ್ತೆ ಕರೆಯದವರೂ ಇದ್ದರು. ರೈಸ್ ಮಿಲ್ಲಿನವರು ಕೆಲವೇ ದಿನಕ್ಕೆ ಬೇರೆಯವರನ್ನು ಹಿಡಿದರು. ನನಗೆ ಬೇಸರವಾದರೆ ಮೇಷ್ಟ್ರು, "ಅವರ ಚೀಟಿಯೆಲ್ಲಾ ಸರಿಯಾಗಿ ಅಂಟ್ಸಿ ಬಂದಿದೀಯ ತಾನೇ? ಮುಂದೆ ಬರೋವ್ರಿಗೆ ಅನುಕೂಲ" ಎಂದರು.

ಬೇಲೂರಿನ ಲ್ಯಾಬಿನ ಮೇಡಂ ಮಾತ್ರ ಕೊನೆಯವರೆಗೂ ಜಗ್ಗಲಿಲ್ಲ. ಅವರ ಪ್ರಿಂಟರು ನಿಂತಿತ್ತು. ನಾನು ರಿಪೇರಿ ಮಾಡುತ್ತೇನೆಂದರೆ, "ಮಾಡಿ, ಆದ್ರೆ ಮೇಷ್ಟ್ರು ಪಕ್ಕದಲ್ಲಿ ಕೂತಿರ್ಬೇಕು" ಎಂದರು.

"ಕೈ ನೋಡಿ ಮೇಡಂ, ಹಿಂಗಿದೆ" ಎಂದರು ಮೇಷ್ಟ್ರು.

"ಕೈ ಅವರ್ದು ಸಾಕು. ಕಣ್ಣು ನಿಮ್ದಿರ್ಲಿ."

ಅವರು ಪಕ್ಕದಲ್ಲಿ ಕೂತರು, ನಾನು ರೋಲರು ಬಿಚ್ಚಿ ಹಾಕಿದೆ. ನನಗೆ ಅವಮಾನವೇನೂ ಆಗಲಿಲ್ಲ. ಒಬ್ಬ ಮನುಷ್ಯನ ಬಗ್ಗೆ ಹೀಗೆ ಹಟ ಹಿಡಿಯುವ ಗಿರಾಕಿ ಇನ್ನೊಬ್ಬರಿಗೆ ಇರುವುದನ್ನು ನಾನು ಕಂಡಿಲ್ಲ. ಅಂಥದೊಂದು ಹಟವನ್ನು ಗಳಿಸಲು ಎಷ್ಟು ವರ್ಷ ಬೇಕೋ ಎಂದು ಮಾತ್ರ ಅನ್ನಿಸಿತು.

ಗೌರಿ ಹಬ್ಬಕ್ಕೆ ಮುಂಚೆ ಗೆಳತಿ ಹಾಸನದ ಕಾಲೇಜಿಗೆ ಫೋನ್ ಮಾಡಿ ಬರುವುದಿಲ್ಲವೆಂದಳು. ಹಾಗೆ ಮಾಡೆಂದು ನಾನು ಕೇಳಿರಲಿಲ್ಲ. ಡೇರಿಗಳಿಂದ ಬಂದ ಬೋರ್ಡುಗಳು ಅವಳ ಮೇಜು ತುಂಬಿ ಕೆಳಗೆ ನೆಲಕ್ಕಿಳಿದಿದ್ದವು. "ಇದನ್ನೆಲ್ಲಾ ಬಿಟ್ಟು ಎಲ್ಲಿಗೆ ಹೋಗ್ಲಿ" ಎಂದು ಬೈದುಕೊಂಡೇ ಬೆಸುಗೆ ಹಾಕುತ್ತಿದ್ದಳು. ವಿದ್ಯಾಸಂಸ್ಥೆಯವರು ನಮ್ಮ ಬಳಿಗೆ ತಿರುಗಿ ಬರಲಿಲ್ಲ. ಬರಲೆಂದು ಕಾಯುವುದನ್ನು ನಾವೂ ಯಾವಾಗ ಬಿಟ್ಟೆವೋ ತಿಳಿಯದು.

ಮೇಷ್ಟ್ರ ಕೈಯ ಕಟ್ಟು ಬಿಚ್ಚಿದರು. ಮೂಳೆ ಕೂಡಿತ್ತು, ಆದರೆ ಮಣಿಕಟ್ಟು ಮೊದಲಿನಂತೆ ತಿರುಗುತ್ತಿರಲಿಲ್ಲ. ಸ್ಕ್ರೂಡ್ರೈವರ್ ಹಿಡಿದು ತಿರುಗಿಸುವುದೇ ನಮ್ಮ ಕಸುಬು. ಮೇಷ್ಟ್ರು ಮನೆಯಲ್ಲಿ ಹಳೆಯ ಕ್ಯಾಬಿನೆಟ್ಟೊಂದನ್ನು ಮುಂದಿಟ್ಟುಕೊಂಡು ಎಡಗೈಯಲ್ಲಿ ಬಿಚ್ಚುವುದು, ಮತ್ತೆ ಹಾಕುವುದು ಮಾಡುತ್ತಿದ್ದಾರೆಂದು ಅವರ ಹೆಂಡತಿಯಿಂದ ತಿಳಿಯಿತು.

ಆಮೇಲೆ ಒಂದು ಸಂಜೆ ಹಗರೆಯ ಡೇರಿಯಲ್ಲಿ ಕಂಪ್ಯೂಟರ್ ಪದೇಪದೇ ನಿಲ್ಲತೊಡಗಿತು. ಸೆಕ್ರೆಟರಿ ನನಗೂ ಫೋನ್ ಮಾಡಿದ್ದರು, ಅವರಿಗೂ ಮಾಡಿದ್ದರು. ನಾನು ಮುಟ್ಟುವ ಹೊತ್ತಿಗೆ ಮೇಷ್ಟ್ರು ಬಸ್ಸಿನಲ್ಲಿ ಬಂದು, ಮೊಣಕಾಲೂರಿ ಕೂತು, ಮುಚ್ಚಳದ ಮೊದಲ ಸ್ಕ್ರೂಗೆ ಎಡಗೈ ಹಾಕಿದ್ದರು. ತುದಿ ಜಾರುತ್ತಿತ್ತು. ಮತ್ತೆ ಇಡುತ್ತಿದ್ದರು. ಬಾಗಿಲಾಚೆ ಹಾಲಿನ ಸಾಲು ಬೆಳೆಯುತ್ತಿತ್ತು.

ನನ್ನ ಕೈ ತಾನಾಗಿ ಮುಂದೆ ಹೋಯಿತು. ನಾನೇ ಮಾಡಿದ್ದರೆ ಆಗಲೇ ಮುಚ್ಚಳ ಕೆಳಗಿರುತ್ತಿತ್ತು. ಸೆಕ್ರೆಟರಿ ನನ್ನ ಕಡೆ ನೋಡಿದರು. ಸಾಲಿನಲ್ಲಿದ್ದ ಹೆಂಗಸರೂ ಕ್ಯಾನುಗಳನ್ನು ಕೆಳಗಿಟ್ಟು ನಿಂತರು. ಒಬ್ಬರೂ ಬೇಗ ಅನ್ನಲಿಲ್ಲ.

ನಾನು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದು, ಮೇಷ್ಟ್ರ ಪಕ್ಕ ಕೂತು, ಮೊಬೈಲಿನ ಟಾರ್ಚ್ ಹಾಕಿ, ಸ್ಕ್ರೂವಿನ ಮೇಲೆ ಬೆಳಕು ಹಿಡಿದೆ.

"ಸ್ವಲ್ಪ ಈ ಕಡೆ" ಎಂದರು ಅವರು.

ಬೆಳಕನ್ನು ಅವರ ಕಡೆಗೆ ಸರಿಸಿದೆ. ಸ್ಕ್ರೂ ತಿರುಗಿತು.